ನಡೆಯದೇ ಹೋದ ಎರಡನೇ ಜಗಳ

ಜಗಳ ಶುರುವಾಗಿದ್ದು ಒಂದು ಬೈಕಿನಿಂದ. ಬೀದಿಯ ಹೊಲಿಗೆ ಅಕ್ಕನಿಗೆ ಬಡಗಿ ತಮ್ಮನೊಬ್ಬ. ಅವನು ತನ್ನ ಬೈಕನ್ನು ಮೊಬೈಲ್ ರಿಪೇರಿ ಅಂಗಡಿಯ ಬಾಗಿಲಿಗೆ ಅಡ್ಡವಾಗಿ ನಿಲ್ಲಿಸಿದ್ದ. "ತೆಗೀರಿ" ಅಂದ ರಿಪೇರಿಯ ಹುಡುಗ. "ಎರಡು ನಿಮಿಷ ಇರೋ" ಅಂದ ತಮ್ಮ. ಮಾತಿಗೆ ಮಾತು ಬೆಳೆಯಿತು. ಇಬ್ಬರೂ ಒಬ್ಬರ ಅಂಗಿ ಒಬ್ಬರು ಹಿಡಿದರು. ನಮ್ಮ ನಿಮ್ಮ ಬೀದಿಯಲ್ಲಿ ಇಂಥವು ದಿನವೂ ನಡೆಯುತ್ತವೆ, ಯಾರೋ ಬಂದು ಬಿಡಿಸುತ್ತಾರೆ, ಮುಗಿಯುತ್ತದೆ. ಅವತ್ತು ಮಾತ್ರ ರಿಪೇರಿ ಹುಡುಗನ ಕೈಯಲ್ಲಿ ಬ್ಲೇಡು ಇತ್ತು. ತಮ್ಮನ ಬಲಗೈ ಮಣಿಕಟ್ಟಿನಿಂದ ಕೆಳಗೆ ಸೀಳಿಹೋಯಿತು.

ಪೊಲೀಸರು ಬಂದರು, ಹುಡುಗನನ್ನು ಕರೆದುಕೊಂಡು ಹೋದರು. ಬೀದಿಯವರು ಅಬ್ಬಾ, ಮುಗಿಯಿತು ಅಂದುಕೊಂಡರು.

ಮುಗಿದಿರಲಿಲ್ಲ.

ತಮ್ಮನಿಗೆ ತಂದೆತಾಯಿ ಇಲ್ಲ. ಸಾಕಿದ್ದು ಅಕ್ಕ. ಅವಳದು ಶಾಲಾ ಸಮವಸ್ತ್ರ ಹೊಲಿಯುವ ಪುಟ್ಟ ಅಂಗಡಿ. ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ, ಬಾಗಿಲು ಎಳೆದು, ಆಸ್ಪತ್ರೆಯಲ್ಲೇ ಠಿಕಾಣಿ ಹೂಡಿದಳು. ಗಾಯ ತೊಳೆದು ಕಟ್ಟುವ ನರ್ಸ್ ಅದೇ ಬೀದಿಯವಳು, ಗೋಡೆಗೆ ಗೋಡೆ ತಾಗಿದ ಮನೆ. ಅವಳೇ ಒಂದು ದಿನ ಅಕ್ಕನನ್ನು ವರಾಂಡಕ್ಕೆ ಕರೆದಳು.

"ಅಕ್ಕಾ, ಫೋನಲ್ಲಿ ನಿಮ್ಮ ತಮ್ಮ ಏನು ಮಾತಾಡ್ತಿದ್ದಾನೆ ಕೇಳಿಸ್ಕೊಂಡ್ರಾ? ಆಸ್ಪತ್ರೆಯಿಂದ ಹೊರಗೆ ಬಂದ ದಿನವೇ, ಆ ಹುಡುಗ ಜೈಲಲ್ಲಿದ್ರೇನು, ಅವನ ಅಣ್ಣನ್ನ ನೋಡ್ಕೋತೀನಿ ಅಂತಿದ್ದಾನೆ."

"ಅಯ್ಯೋ, ಬಾಯಲ್ಲಿ ಹೇಳ್ತಾನಮ್ಮ. ಇರುವೆ ತುಳಿಯೋನಲ್ಲ ಅವನು."

"ನಾನು ಈ ವಾರ್ಡಲ್ಲೇ ಇರೋಳು ಅಕ್ಕಾ. ಹೀಗೆ ಹೇಳಿ ಮನೆಗೆ ಹೋದವರು ತಿರುಗಿ ಇಲ್ಲಿಗೇ ಬಂದಿದ್ದಾರೆ. ಕೆಲವರು ಬರಲೇ ಇಲ್ಲ. ಮೆಲ್ಲಣ್ಣನ್ನ ಕರೆಸ್ಲಾ?"

ಮೆಲ್ಲಗೆ ನಡೆಯುತ್ತಾನೆ, ಮೆಲ್ಲಗೆ ಮಾತಾಡುತ್ತಾನೆ ಅಂತ ಅವನಿಗೆ ಆ ಹೆಸರು. ಬಡಾವಣೆಯ ಸಂಘದಲ್ಲಿ ಅವನ ಕೆಲಸವೆಂದರೆ ಹೊಡೆದಾಟವಾದ ಮನೆಗಳಿಗೆ ಹೋಗಿ, ಎರಡೂ ಕಡೆಯವರ ಜೊತೆ ಕೂತು, ಸೇಡಿನ ಮಾತು ಅಲ್ಲಿಗೇ ನಿಲ್ಲುವಂತೆ ನೋಡಿಕೊಳ್ಳುವುದು. ಅಕ್ಕನ ತಲೆಯಲ್ಲಿ ಅವನ ಬಗ್ಗೆ ಉಳಿದದ್ದು ಒಂದೇ ವಿಷಯ. ಅವನು ಜೈಲಿಗೆ ಹೋಗಿ ಬಂದವನು.

"ನಿನಗೇನು ತಲೆ ಕೆಟ್ಟಿದೆಯಾ? ಅಂಥವನ್ನ ನನ್ನ ತಮ್ಮನ ಹತ್ರ ಕೂರಿಸ್ಲಾ? ಅವನಿಗೆ ಸರ್ಕಾರದ ದುಡ್ಡಲ್ಲಿ ಸಂಬಳ ಬೇರೆ ಅಂತೆ! ಪೊಲೀಸರು ಇಲ್ವಾ?"

"ಇದ್ದಾರೆ. ಕೇಸು ಹಾಕಿದ್ದಾರೆ, ಅದು ನಡೀಲಿ. ಆದ್ರೆ ಪೊಲೀಸರು ಬರೋದು ರಕ್ತ ಬಿದ್ದ ಮೇಲೆ. ಬೀಳೋಕೆ ಮುಂಚೆ ಬರೋರು ಬೇಡ್ವಾ ಅಕ್ಕಾ?"

ಅಕ್ಕ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ನರ್ಸ್ ಅದನ್ನೇ ಒಪ್ಪಿಗೆ ಅಂದುಕೊಂಡಳು.

ಮೆಲ್ಲಣ್ಣ ಬಂದು ಸ್ಟೂಲಿನ ಮೇಲೆ ಕೂತ. ಅಕ್ಕ ತಮ್ಮನ ಕಾಲ ಬಳಿ ಕಾವಲು ನಿಂತಂತೆ ನಿಂತಳು. ತಮ್ಮ ಗೋಡೆ ಕಡೆ ತಿರುಗಿ ಮಲಗಿದ. ಕೊನೆಗೆ ತಮ್ಮನೇ ಕೇಳಿದ, "ನೀವು ಜೈಲಲ್ಲಿ ಇದ್ರಂತೆ?"

"ಇದ್ದೆ. ನನ್ನ ತಮ್ಮನಿಗೆ ಒಬ್ಬ ಹೊಡೆದಿದ್ದ. ಅವನನ್ನ ಹುಡುಕ್ಕೊಂಡು ಹೋದೆ. ತಮ್ಮನಿಗೋಸ್ಕರ ಅಂತಾನೇ ಹೋದೆ. ನಾನು ಒಳಗಿದ್ದಾಗ ಅದೇ ತಮ್ಮ ಓದು ಬಿಟ್ಟ. ಅಮ್ಮ ತೀರಿಕೊಂಡ್ಲು, ಕೊನೇ ಸಲ ಮುಖ ನೋಡೋಕೂ ಆಗ್ಲಿಲ್ಲ."

"ಅಂದ್ರೆ ಅವನನ್ನ ಕ್ಷಮಿಸು ಅಂತೀರಾ?"

"ಇಲ್ಲಪ್ಪ. ಅದು ನಿನಗೆ ಬಿಟ್ಟಿದ್ದು. ನಿನಗೆ ಏನು ಬೇಕು, ಅದನ್ನ ಹೇಳು."

ತಮ್ಮ ಕಟ್ಟು ಹಾಕಿದ ಕೈಯನ್ನೇ ನೋಡಿದ. ಬೆರಳು ಮಡಿಸಲು ಹೋದ, ಆಗಲಿಲ್ಲ. "ನನ್ನ ಕೈ ಬೇಕು" ಅಂದ. ಅಂದವನೇ ಅತ್ತುಬಿಟ್ಟ. ಗಾಯವಾದ ಮೇಲೆ ಅವನು ಅತ್ತಿದ್ದು ಅದೇ ಮೊದಲು. ಅಕ್ಕ ಕಾವಲು ಬಿಟ್ಟು ಬಂದು ಅವನ ತಲೆ ಸವರಿದಳು.

ಮಾರನೇ ದಿನ ಸಂಘದ ಕಡೆಯಿಂದ ಕೈಗೆ ವ್ಯಾಯಾಮ ಹೇಳಿಕೊಡುವ ಹುಡುಗಿ ಬಂದಳು. ಮೆಲ್ಲಣ್ಣ ಆ ಕಡೆಯವರ ಮನೆಗೂ ಹೋಗಿ ಬಂದ.

"ಅವರು ಅಂಗಡಿ ಬಾಗಿಲೇ ತೆಗೀತಿಲ್ಲ, ಅಕ್ಕಾವ್ರೇ. ಅವನ ಅಣ್ಣ ದಿಂಬಿನ ಪಕ್ಕ ಕಬ್ಬಿಣದ ಸಲಾಕೆ ಇಟ್ಕೊಂಡು ಮಲಗ್ತಾನೆ. ಅವರಮ್ಮನಿಗೆ ಊಟ ಸೇರ್ತಿಲ್ಲ."

"ಯಾಕೆ?"

"ನಿಮ್ಮ ಭಯಕ್ಕೆ."

ಅಕ್ಕ ಬೆಪ್ಪಾದಳು. "ನಮ್ಮನ್ನ ಕಂಡ್ರೆ ಭಯಾನಾ? ನನ್ನ ಕೈಲಿರೋದು ಒಂದು ಕತ್ತರಿ, ಅದೂ ಮೊಂಡು!"

ಮೆಲ್ಲಣ್ಣ ನಕ್ಕ. ಅವನು ನಗುವುದನ್ನು ಅವಳು ನೋಡಿದ್ದು ಆಗಲೇ ಮೊದಲು.

ಆಸ್ಪತ್ರೆಯಿಂದ ಬಿಡುಗಡೆಯಾದ ಮಧ್ಯಾಹ್ನ ತಮ್ಮನ ಗೆಳೆಯರಿಬ್ಬರು ಬೈಕ್ ತಂದು ಗೇಟಿನಲ್ಲಿ ನಿಂತಿದ್ದರು. "ಬಾ ಮಗಾ, ಇವತ್ತು ಅಂಗಡಿ ಬಾಗಿಲು ತೆಗ್ದಿದ್ದಾರೆ. ಅವನಣ್ಣ ಒಬ್ನೇ ಇದ್ದಾನೆ" ಅಂದ ಒಬ್ಬ. ತಮ್ಮ ಹೋಗಿ ಬೈಕ್ ಹತ್ತಿ ಕೂತೇಬಿಟ್ಟ. ಕೂಗಬೇಕೆನಿಸಿದರೂ ಅಕ್ಕ ಔಷಧಿಯ ಚೀಲ ಹಿಡಿದು ನಿಂತೇ ಇದ್ದಳು.

ಅವರನ್ನು ಮನೆಗೆ ಬಿಡಲು ಬಂದಿದ್ದ ಮೆಲ್ಲಣ್ಣ ಓಡಲಿಲ್ಲ. ತನ್ನ ನಡಿಗೆಯಲ್ಲೇ ಬಂದು ಬೈಕಿನ ಹ್ಯಾಂಡಲ್ ಮೇಲೆ ಕೈಯಿಟ್ಟ. ಗೆಳೆಯನನ್ನು ಕೇಳಿದ, "ಇವನು ಒಳಗೆ ಹೋದ್ರೆ ಅಕ್ಕನ್ನ ನೋಡ್ಕೊಳ್ಳೋರು ಯಾರು, ನೀನಾ?"

ತಮ್ಮ ತಿರುಗಿ ಅಕ್ಕನನ್ನು ನೋಡಿದ. ಬೈಕಿನಿಂದ ಇಳಿದ.

"ಬಸ್ಸಲ್ಲಿ ಹೋಗೋಣ ಅಕ್ಕಾ" ಅಂದ.

ಎಲ್ಲವೂ ಒಂದೇ ಸಲ ಸರಿಹೋಯಿತು ಅಂತಲ್ಲ. ಬೆರಳುಗಳು ಹಟಮಾರಿ ಮಕ್ಕಳ ಹಾಗೆ ಸತಾಯಿಸಿದವು. ಕೋರ್ಟಿನಲ್ಲಿ ಸಾಕ್ಷಿ ಹೇಳುವ ದಿನ ತಮ್ಮ ಹೆದರಿದ, ಸಂಘದವರು ಪಕ್ಕದಲ್ಲೇ ಕೂತಿದ್ದರು. ರಿಪೇರಿ ಹುಡುಗನಿಗೆ ಶಿಕ್ಷೆಯೂ ಆಯಿತು. ಎರಡು ಮನೆಗಳು ಈಗಲೂ ಮಾತಾಡುವುದಿಲ್ಲ. ಆದರೆ ಎರಡು ಮನೆಯವರೂ ಒಂದೇ ಬೀದಿಯಲ್ಲಿ ತಲೆಯೆತ್ತಿ ನಡೆಯುತ್ತಾರೆ. ಅದೇನು ಸಣ್ಣ ಮಾತೇ?

ಒಂದು ದಿನ ನರ್ಸ್ ತನ್ನ ಬಿಳಿ ಕೋಟಿನ ತೋಳು ಸರಿಮಾಡಿಸಲು ಅಂಗಡಿಗೆ ಬಂದಳು. ಮುಖ ಸಪ್ಪಗಿತ್ತು.

"ಮೆಲ್ಲಣ್ಣನ ಕೆಲಸ ನಿಂತುಹೋಗಬಹುದು ಅಕ್ಕಾ. ಅನುದಾನದ ಅವಧಿ ಮುಗೀತಿದೆ."

"ಅದೇನಮ್ಮ ಅನುದಾನ ಅಂದ್ರೆ? ಸಾಲಾನಾ?"

"ಸಾಲ ಅಲ್ಲ, ತೀರಿಸಬೇಕಾಗಿಲ್ಲ. ಇಂಥದ್ದೇ ಕೆಲಸಕ್ಕೆ ಅಂತ ಸರ್ಕಾರ ಕೊಡೋ ಹಣ. ಮೆಲ್ಲಣ್ಣನಂಥವರ ಸಂಬಳ, ಗಾಯಗೊಂಡವರ ಆರೈಕೆ, ಜೈಲಿಂದ ಬಂದವರಿಗೆ ಕೆಲಸ ಕಲಿಸೋದು, ಎಲ್ಲ ಅದರಿಂದ್ಲೇ. ಮುಂದುವರಿಸ್ಬೇಕಾ ಬೇಡ್ವಾ ಅಂತ ಜನರನ್ನ ಕೇಳೋಕೆ ಸಭೆ ಕರ್ದಿದ್ದಾರೆ. ಬೇಡ ಅನ್ನೋರೇ ಜಾಸ್ತಿ ಬರ್ತಾರೆ. ಬೇಕು ಅನ್ನೋರು ಮನೇಲಿರ್ತಾರೆ."

"ದುಡ್ಡು ಯಾರದ್ದೋ ಜೇಬಿಗೆ ಹೋದ್ರೆ?"

"ಲೆಕ್ಕ ಕೇಳಿ! ಅವರು ತೋರಿಸ್ಲೇಬೇಕು, ಅದು ನಿಯಮ. ನಿಮ್ಮ ತೆರಿಗೆ ದುಡ್ಡೇ ತಾನೇ?"

ಸಭೆಯ ದಿನ ಅಕ್ಕ ಹೋದಳು. ಕುರ್ಚಿಗಳು ಅರ್ಧಕ್ಕರ್ಧ ಖಾಲಿ. ಮುಂದಿನ ಸಾಲಿನಲ್ಲಿದ್ದ ಹಾರ್ಡ್‌ವೇರ್ ಅಂಗಡಿಯವರು ಎದ್ದು ಗುಡುಗಿದರು, "ರೌಡಿಗಳಿಗೆ ಸಂಬಳ ಕೊಟ್ಟು ಸಾಕೋದಾ? ಇದರಿಂದ ಏನು ಲಾಭ ಆಗಿದೆ, ಯಾರಾದ್ರೂ ತೋರಿಸ್ಲಿ ನೋಡೋಣ!"

ಅಕ್ಕ ಎದ್ದಳು. ಮೈಕು ಅವಳಿಗೆ ಹೊಸದು, ತೀರಾ ಹತ್ತಿರ ಹಿಡಿದಳು, ಅದು ಕಿರ್ ಅಂತ ಕಿರುಚಿತು. ಜನ ನಕ್ಕರು. ಅವಳೂ ನಕ್ಕಳು.

"ಸಾರ್, ನೀವು ಕೇಳಿದ್ದನ್ನೇ ನಾನೂ ಕೇಳಿದ್ದೆ. ನಡೆದ ಕೊಲೆ ಪೇಪರಲ್ಲಿ ಬರುತ್ತೆ. ನಡೆಯದೇ ಹೋದದ್ದು ಎಲ್ಲಿ ಬರುತ್ತೆ ಹೇಳಿ? ನನ್ನ ತಮ್ಮ ಇವತ್ತು ಬೆಳಿಗ್ಗೆ ಬುತ್ತಿ ಕಟ್ಕೊಂಡು ಮರಗೆಲಸಕ್ಕೆ ಹೋದ. ಆ ಹುಡುಗನ ಅಣ್ಣ ಬಾಗಿಲು ತೆಗ್ದು ಅಂಗಡೀಲಿ ಕೂತಿದ್ದಾನೆ. ಇಬ್ಬರೂ ಸಾಯಂಕಾಲ ಮನೆಗೆ ಬರ್ತಾರೆ. ನಾನು ತೋರಿಸೋ ಲಾಭ ಇಷ್ಟೇ ಸಾರ್."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಮೇಲೆ ಹಿಂದಿನ ಸಾಲಿನಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಒಬ್ಬಳು ಎದ್ದು ನಿಂತು "ನನ್ನದೂ ಅದೇ ಮಾತು" ಅಂದಳು. ಅವಳು ರಿಪೇರಿ ಹುಡುಗನ ತಾಯಿ.

ಅನುದಾನ ಮುಂದುವರಿಯಿತು. ಲೆಕ್ಕ ನೋಡುವ ಸಮಿತಿಗೆ ಬಡಾವಣೆಯವರನ್ನೂ ಸೇರಿಸಬೇಕು ಎಂದು ಅಕ್ಕ ಪಟ್ಟು ಹಿಡಿದಳು. ಅವಳನ್ನೇ ಸೇರಿಸಿದರು. ಈಗ ಮೆಲ್ಲಣ್ಣ ಟೀ ಖರ್ಚಿಗೂ ರಸೀದಿ ತರಬೇಕು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬಡಾವಣೆಯಲ್ಲಿ ಹಿಂಸೆ ತಡೆಯುವ ಇಂಥ ಕೆಲಸ ನಡೆಯುತ್ತಿದೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ನಿಮ್ಮ ಸಂಘದಲ್ಲಿ ಮಾತೆತ್ತಿ, ಅನುದಾನಕ್ಕೆ ಅರ್ಜಿ ಹಾಕಲು ಹೇಳಿ. ಇದ್ದರೆ ಅದರ ಸಭೆಗೆ ಹೋಗಿ, ಲೆಕ್ಕ ಕೇಳಿ, ಒಳ್ಳೆಯದಾಗಿದ್ದರೆ ಬಾಯಿಬಿಟ್ಟು ಹೇಳಿ. ನಿಮ್ಮ ಮನೆಯಲ್ಲಿ ಯಾರಾದರೂ ಈಗ ಹಲ್ಲು ಕಚ್ಚಿಕೊಂಡು ಕೂತಿದ್ದರೆ, ಮೊದಲು ಅವರ ಪಕ್ಕ ಹೋಗಿ ಕೂತುಕೊಳ್ಳಿ. "ನಿನಗೆ ಏನು ಬೇಕು?" ಅಂತ ಕೇಳಿ. ಇವತ್ತೇ ಕೇಳಿ.