ತಳಕ್ಕೆ ಐದು ಕೋಟ್

ನನ್ನ ಗಂಡ ಮೂವತ್ತೊಂದು ವರ್ಷ ಒಂದು ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿಯಾಗಿದ್ದರು. ಅಂದರೆ ಏನೂ ಆಗದಂತೆ ನೋಡಿಕೊಳ್ಳುವುದು ಅವರ ಕೆಲಸ. ಅದರಲ್ಲಿ ಎಷ್ಟು ಪಳಗಿದ್ದರೆಂದರೆ, ನಿವೃತ್ತಿಯಾದ ಮೇಲೆ ನಾವೊಂದು ಹಳೆಯ ಹಾಯಿದೋಣಿ ಕೊಂಡು ಮೂರು ವರ್ಷವಾದರೂ ಅದಕ್ಕೆ ಏನೂ ಆಗಲಿಲ್ಲ. ನೀರಿಗೇ ಇಳಿಯದ ದೋಣಿಗೆ ಆಗುವುದಾದರೂ ಏನು?

ದೋಣಿ ಬೇಕೆಂದು ಹಟ ಹಿಡಿದವಳು ನಾನು. ಮೊಣಕಾಲುಗಳು ಇನ್ನೂ ಮಾತು ಕೇಳುತ್ತಿರುವಾಗಲೇ ನಾವಿಬ್ಬರೂ ಒಟ್ಟಿಗೆ ಕೂತು ಸಮುದ್ರಕ್ಕೆ ಹೋಗಬೇಕು, ಇಷ್ಟೇ ನನ್ನ ಆಸೆ. ಅದಕ್ಕಾಗಿ ಬಾಡಿಗೆ ದೋಣಿಯಲ್ಲಿ ಹಾಯಿ ಎತ್ತುವುದು, ಇಳಿಸುವುದು, ಚುಕ್ಕಾಣಿ ಹಿಡಿಯುವುದು ಎಲ್ಲ ಕಲಿತೆ. ಅವರನ್ನೂ ಕರೆದರೆ, "ಮೊದ್ಲು ತಳ ಸರಿಹೋಗ್ಲಿ ಕಣೇ" ಎನ್ನುತ್ತಿದ್ದರು.

ಈ ತಳದ ವಿಷಯ ಹೇಳಿಬಿಡುತ್ತೇನೆ. ಫೈಬರ್ ದೋಣಿ ನೀರಲ್ಲೇ ನಿಂತಿದ್ದರೆ ಮೈಯೊಳಗೆ ನೀರು ಇಂಗಿ ಗುಳ್ಳೆ ಏಳುತ್ತದೆ. ಹಾಗಾಗದಂತೆ ತಳಕ್ಕೆ ರಾಳದಂಥ ರಕ್ಷಣೆಯ ಬಣ್ಣವನ್ನು ಐದು ಕೋಟ್ ಹೊಡೆಯಬೇಕು. ಒಂದು ಬೂದು, ಮುಂದಿನದು ಬಿಳಿ, ಎಲ್ಲಿ ಬಿಟ್ಟುಹೋಯಿತೆಂದು ಕಣ್ಣಿಗೆ ಕಾಣಲಿ ಎಂದು. ಅದರ ಮೇಲೆ, ಚಿಪ್ಪು ಪಾಚಿ ಅಂಟದಿರಲು, ತಾಮ್ರ ಬೆರೆತ ಕೆಂಪು ಬಣ್ಣ. ಈ ಕೆಂಪಿಗೆ ಒಂದು ಗಳಿಗೆ ಇದೆ. ಐದನೇ ಕೋಟನ್ನು ಹೆಬ್ಬೆರಳಿನಿಂದ ಒತ್ತಿದರೆ ಗುರುತು ಮೂಡಬೇಕು, ಆದರೆ ಬೆರಳಿಗೆ ಬಣ್ಣ ಹತ್ತಬಾರದು. ಆಗಲೇ ಕೆಂಪು ಹೊಡೆಯಬೇಕು. ಗಳಿಗೆ ತಪ್ಪಿ ಬಣ್ಣ ಗಟ್ಟಿಯಾಯಿತೋ, ಇಡೀ ತಳವನ್ನು ಉಪ್ಪುಕಾಗದ ಹಿಡಿದು ಉಜ್ಜುವ ಶಿಕ್ಷೆ.

ಮೊದಲ ವರ್ಷ ನಮ್ಮವರು ತೇವ ಅಳೆಯುವ ಯಂತ್ರ ತಂದು, ದೋಣಿ ಇನ್ನೂ ಒಣಗಿಲ್ಲವೆಂದು ವರ್ಷವಿಡೀ ಒಣಗಿಸಿದರು. ಎರಡನೇ ವರ್ಷ ಸರಿಯಾಗಿ ಹೆಬ್ಬೆರಳಿನ ಹೊತ್ತಿಗೆ, ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಮನೆಗೆ ಓಡಿದರು. ಬರುವಷ್ಟರಲ್ಲಿ ತಳ ಕಲ್ಲಾಗಿತ್ತು. ಒಂದು ತಿಂಗಳು ಉಜ್ಜಿದೆವು. ಮೂರನೇ ವರ್ಷ ಕೆಂಪನ್ನೂ ಹೊಡೆದಾಯಿತು. ಹೊಡೆದ ಮೇಲೆ ಎರಡು ತಿಂಗಳೊಳಗೆ ನೀರಿಗಿಳಿಸದಿದ್ದರೆ ಆ ಬಣ್ಣದ ಶಕ್ತಿ ಹೋಗುತ್ತದೆ. ಇವರು ಗಾಳಿ ಇಲ್ಲದ ದಿನಕ್ಕೆ ಕಾದರು. ಹಾಯಿದೋಣಿ ಇಳಿಸುವುದಕ್ಕೆ ಗಾಳಿ ಇಲ್ಲದ ದಿನ! ಹುಚ್ಚು ಬಿಡುವವರೆಗೆ ಮದುವೆಯಾಗುವುದಿಲ್ಲ, ಮದುವೆಯಾಗುವವರೆಗೆ ಹುಚ್ಚು ಬಿಡುವುದಿಲ್ಲ ಎಂಬ ಹಾಗಾಯಿತು ನನ್ನ ಗತಿ.

ದೋಣಿ ನಿಲ್ಲಿಸಿದ್ದ ಬಂದರಿನ ರಿಪೇರಿ ಅಂಗಳದ ಮೇಸ್ತ್ರಿ, ಹೊಸಬರು ಯಾರು ಬಂದರೂ ನಮ್ಮ ದೋಣಿಯ ಹತ್ತಿರ ಕರೆತರುತ್ತಿದ್ದ. "ತಳ ಅಂದ್ರೆ ಹಿಂಗಿರ್ಬೇಕು ನೋಡಿ. ಇಡೀ ಬಂದರಿನಲ್ಲಿ ಇಂಥದ್ದಿಲ್ಲ. ನೀರು ಸೋಕಿದ್ರೆ ತಾನೇ ಹಾಳಾಗೋದು!"

ನಾಲ್ಕನೇ ವರ್ಷ ನಾನು ಕಡ್ಡಿ ಮುರಿದ ಹಾಗೆ ಹೇಳಿದೆ. "ಈ ಸಲವೂ ಇಳಿಸ್ಲಿಲ್ಲ ಅಂದ್ರೆ ಮಾರಿಬಿಡ್ತೀನಿ. ಆಮೇಲೆ ಬಾಯಿಬಿಟ್ಟು ಸಮುದ್ರ ಅಂತ ಅನ್ನಲ್ಲ."

ಮತ್ತೆ ಉಜ್ಜಿದೆವು, ಮತ್ತೆ ಬೂದು, ಬಿಳಿ, ಬೂದು, ಬಿಳಿ, ಬೂದು. ಐದನೇ ಕೋಟ್ ಮುಗಿದ ದಿನ ಮಧ್ಯಾಹ್ನ ನಾನು ಹೆಬ್ಬೆರಳು ಒತ್ತಿದೆ. ಗುರುತು ಮೂಡಿತು, ಬೆರಳು ಸ್ವಚ್ಛವಾಗಿತ್ತು. ತಿರುಗಿ ನೋಡಿದರೆ ಇವರು ಗೇಟಿನ ಹತ್ತಿರ ಕೀಲಿಕೈ ಹಿಡಿದು ನಿಂತಿದ್ದಾರೆ.

"ಗ್ಯಾಸ್ ಆಫ್ ಮಾಡಿದ್ನಾ ಅಂತ..."

"ನಾನೇ ಮಾಡಿದ್ದೀನಿ."

"ಬಾಗಿಲು?"

"ಬೀಗ ಹಾಕಿದೆ."

"ಹಿಂದಿನ ಕಿಟಕಿ?"

"ರೀ, ಬಣ್ಣ ಗಟ್ಟಿ ಆಗ್ತಿದೆ!"

ಅವರ ಕುಂಟುನೆಪಗಳೆಲ್ಲ ಮುಗಿದಿರಬೇಕು. ಕೀಲಿಕೈಯನ್ನು ಜೇಬಿಗೆ ಹಾಕಿ ನೆಲ ನೋಡುತ್ತಾ ಹೇಳಿದರು. "ನಂಗೆ ಈಜು ಬರಲ್ಲ ಕಣೇ. ನೀರು ಕಂಡ್ರೆ ಕೈಕಾಲು ತಣ್ಣಗಾಗುತ್ತೆ."

ಮೂವತ್ತಾರು ವರ್ಷ ಸಂಸಾರ ಮಾಡಿದ ಮೇಲೆ ಈ ಮಾತನ್ನು ಮೊದಲ ಸಲ ಕೇಳುತ್ತಿದ್ದೆ. ಇಷ್ಟು ಹೇಳುವುದಕ್ಕೆ ನನ್ನ ಭುಜ ಸವೆಯಬೇಕಾಯಿತೇ ಎಂದು ಮೈಯೆಲ್ಲ ಉರಿಯಿತು. ಆ ಮುಖ ನೋಡಿ ಕರುಳು ಚುರುಕ್ ಎಂದದ್ದೂ ನಿಜ.

"ನಂಗೂ ಈಜು ಬರಲ್ಲ," ಎಂದೆ. "ಬಂದಿದ್ರೆ ದೋಣಿ ಯಾಕೆ ಬೇಕಿತ್ತು? ರೋಲರ್ ಹಿಡ್ಕೊಳ್ಳಿ."

ಹಿಡಿದರು. ಹೇಳಲೇಬೇಕು, ನನಗಿಂತ ಚೆನ್ನಾಗಿ ಹೊಡೆದರು.

ನಾಲ್ಕು ದಿನ ಬಿಟ್ಟು ಕ್ರೇನ್ ನಮ್ಮ ದೋಣಿಯನ್ನು ಎತ್ತಿ ನೀರಿಗಿಟ್ಟಿತು. ಇವರು ನನಗೆ ಲೈಫ್ ಜಾಕೆಟ್ ತೊಡಿಸಿ, ಒಂದೊಂದು ಬಕಲನ್ನೂ ಮೂರು ಸಲ ಎಳೆದು ನೋಡಿ, ಎರಡು ಹೆಜ್ಜೆ ಹಿಂದೆ ಸರಿದರು. "ನೀನು ಹೋಗಿ ಬಾ. ನಾನು ಇಲ್ಲಿಂದ್ಲೇ ನೋಡ್ತಿರ್ತೀನಿ."

ಅಳು ಬಂತು. ಮೇಸ್ತ್ರಿಯ ಮುಂದೆ ಅಳುವುದಕ್ಕಿಂತ ಹೊರಡುವುದೇ ವಾಸಿ ಎನಿಸಿ ಹಗ್ಗ ಬಿಚ್ಚಲು ಹೇಳಿದೆ.

ಹಾಯಿ ಗಾಳಿ ಕುಡಿದು ಉಬ್ಬಿತು. ಬಂದರಿನ ತಡೆಗೋಡೆ ದಾಟಿದೆ. ಸಮುದ್ರ ನಾನು ಬಯಸಿದ್ದಕ್ಕಿಂತ ಚೆನ್ನಾಗಿತ್ತು, ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಖುಷಿಯನ್ನು ಹೇಳಿಕೊಳ್ಳಲು ಪಕ್ಕಕ್ಕೆ ತಿರುಗಿದಾಗಲೆಲ್ಲ ಖಾಲಿ ಹಲಗೆ ಕಾಣುತ್ತಿತ್ತು. ನಾಲ್ಕು ವರ್ಷ ಕಾದವಳು ಒಂದೇ ಗಂಟೆಯಲ್ಲಿ ದೋಣಿ ತಿರುಗಿಸಿದೆ.

ಇವರು ದಡದ ಕಟ್ಟಕಡೆಯ ಕಲ್ಲಿನ ಮೇಲಿದ್ದರು. ಹಿಂದಿನಿಂದ ಮೇಸ್ತ್ರಿ ಅವರ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ.

"ಅಮ್ಮಾ, ಇನ್ನೈದು ನಿಮಿಷ ತಡ ಮಾಡಿದ್ರೆ ಸಾರ್ ನೀರಿಗೆ ಹಾರ್ತಿದ್ರು. ನಂಗಂತೂ ಸಾಕಾಯ್ತು," ಎಂದು ಮೇಸ್ತ್ರಿ ಉಸಿರುಬಿಟ್ಟ.

"ಗೋಡೆ ಆಚೆ ಹೋದ್ಮೇಲೆ ನೀನು ಕಾಣ್ಲೇ ಇಲ್ಲ," ಎಂದರು ಇವರು. ಮುಖದಲ್ಲಿ ರಕ್ತವೇ ಇರಲಿಲ್ಲ.

ತಾವೇ ಜಾಕೆಟ್ ಸಿಕ್ಕಿಸಿಕೊಂಡರು. ಬಕಲ್ ಎಳೆದು ನೋಡಲಿಲ್ಲ. ನನ್ನ ಕೈ ಹಿಡಿದು, ಕಾಲನ್ನು ದೋಣಿಗಿಟ್ಟು, ಹಲಗೆಯ ಮೇಲೆ ದೊಪ್ಪನೆ ಕೂತರು.

"ದಡದಲ್ಲಿ ನಿಲ್ಲೋದೇ ಜಾಸ್ತಿ ಅಪಾಯ ಕಣೇ," ಎಂದರು.

ನಾನು ಸ್ವಲ್ಪ ಸರಿದು ಜಾಗ ಕೊಟ್ಟೆ.