ಕಳೆದ ಸಾಮಾನಿನ ಕೋಣೆಗೆ ಬಂದ ಅಳಿಯ

ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಕಟ್ಟಿದವರು ನಮ್ಮ ಮನೆಯವರನ್ನು ನೋಡಿಯೇ ಕಟ್ಟಿರಬೇಕು. ಬಸ್ ನಿಲ್ದಾಣದಲ್ಲಿ ಕಳೆದ ಸಾಮಾನಿನ ಕೋಣೆ ಅಂತ ಒಂದಿದೆ. ಜನ ಬಸ್ಸಿನಲ್ಲಿ ಮರೆತುಹೋದ ಚೀಲ, ಛತ್ರಿ, ಕನ್ನಡಕ, ಒಂಟಿ ಚಪ್ಪಲಿ ಎಲ್ಲ ಅಲ್ಲಿಗೆ ಬರುತ್ತವೆ. ಇಪ್ಪತ್ತಾರು ವರ್ಷದಿಂದ ಅದರ ಗುಮಾಸ್ತರು ನಮ್ಮವರೇ. ಬಂದದ್ದನ್ನು ಕಪಾಟಿನಲ್ಲಿಟ್ಟು, ಕೇಳಿಕೊಂಡು ಬಂದವರಿಗೆ ಹುಡುಕಿ ಕೊಡುವುದು ಅವರ ಕೆಲಸ. ಅಷ್ಟೇ ಮಾಡಿದ್ದರೆ ಯಾವ ತಕರಾರೂ ಇರಲಿಲ್ಲ. ಆದರೆ ಈ ಪುಣ್ಯಾತ್ಮರು ಬಂದ ಸಾಮಾನನ್ನೆಲ್ಲ ರಿಪೇರಿ ಮಾಡಿಡುತ್ತಿದ್ದರು.

ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ನನ್ನ ಡಬ್ಬಿಯ ಗುಂಡಿ, ಜಿಪ್ಪು, ಕಪ್ಪು ದಾರ ದಿನಕ್ಕಿಷ್ಟು ಅವರ ಜೇಬು ಸೇರುತ್ತಿತ್ತು. ನಮ್ಮ ಬಚ್ಚಲಿನ ನಲ್ಲಿ ಮಾತ್ರ ಎರಡು ವರ್ಷದಿಂದ ತೊಟ್ಟಿಕ್ಕುತ್ತಲೇ ಇತ್ತು. “ಅದೇನು ಕಳೆದುಹೋಗಿದೆಯಾ? ಎಲ್ಲಿ ಓಡಿಹೋಗುತ್ತೆ? ಭಾನುವಾರ ನೋಡೋಣ” ಎನ್ನುತ್ತಿದ್ದರು. ಎಷ್ಟು ಭಾನುವಾರ ಬಂದುಹೋದವೋ! ಒಮ್ಮೆ ಒಬ್ಬಾಕೆ ಮಗಳ ಚೀಲ ಕೇಳಿಕೊಂಡು ಬಂದವಳು, “ಇದು ನಮ್ಮದಲ್ಲ, ನಮ್ಮದರ ಜಿಪ್ ಹೋಗಿತ್ತು” ಅಂತ ಜಗಳಕ್ಕೇ ನಿಂತಳಂತೆ. ಒಳಗಿನ ಪುಸ್ತಕ ತೆಗೆದು ಮಗಳ ಕೈಬರಹ ತೋರಿಸಿದ ಮೇಲೆ ನಂಬಿದ್ದು. ಅದನ್ನು ಹೇಳಿಕೊಂಡು ಇವರು ತಟ್ಟೆಯ ಮುಂದೆ ನಕ್ಕಿದ್ದೇ ನಕ್ಕಿದ್ದು.

ಆಮೇಲೆ ಎಐ ಬಂತು. ಮೇಜಿನ ಮೇಲೊಂದು ಕ್ಯಾಮೆರಾ, ಪಕ್ಕದಲ್ಲಿ ಪರದೆ, ಗೋಡೆಯುದ್ದಕ್ಕೂ ನಂಬರು ಹಾಕಿದ ಲಾಕರ್‌ಗಳು. ಬಂದ ಸಾಮಾನಿನ ಫೋಟೋ ತೆಗೆದು ಲಾಕರಿನಲ್ಲಿಟ್ಟರೆ ಇವರ ಕೆಲಸ ಮುಗಿಯಿತು. ಕಳೆದುಕೊಂಡವರು ಮನೆಯಲ್ಲೇ ಕೂತು ಫೋನಿಗೆ ವಿವರ ಹೇಳಿದರೆ, ಯಂತ್ರವೇ ಹೊಂದಿಸಿ ನೋಡಿ ಲಾಕರ್ ನಂಬರು ಕಳಿಸುತ್ತದೆ. ಕಚೇರಿಯವರೆಲ್ಲ ಅದರ ಮುಂದೆ ಕೈಕಟ್ಟಿ ನಿಂತು ಉಪಚಾರ ಮಾಡುವ ಸುದ್ದಿ ಕೇಳಿ ನಾನು ಅದಕ್ಕೆ ‘ಅಳಿಯಂದಿರು’ ಅಂತ ಹೆಸರಿಟ್ಟೆ. ಉಸ್ತುವಾರಿಗೆ ಬಂದ ಮೇಡಂ ಮೂರು ತಿಂಗಳ ಪರೀಕ್ಷೆ ಎಂದರು. ಹತ್ತಕ್ಕೆ ಒಂಬತ್ತು ಸಾಮಾನು ಸರಿಯಾಗಿ ಮನೆ ಸೇರಿದರೆ ಕೋಣೆಗೆ ಗುಮಾಸ್ತರು ಬೇಡ. ಇವರನ್ನು ಡಿಪೋ ಗೇಟಿನಲ್ಲಿ ಬಸ್ಸಿನ ನಂಬರು ಬರೆದುಕೊಳ್ಳಲು ಹಾಕುತ್ತಾರೆ.

ಮೊದಲ ತಿಂಗಳು ಅಳಿಯಂದಿರು ಅರ್ಧಕ್ಕರ್ಧ ಎಡವಿದರು. ಯಾಕೆಂದು ನೋಡಲು ಮೇಡಂ ಇಡೀ ದಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಹಿಡಿ ಕಿತ್ತುಹೋಗಿ ಕೆಂಪು ದಾರ ಕಟ್ಟಿದ ಸೂಟ್‌ಕೇಸ್ ಬೇಕೆಂದು ಒಬ್ಬರು ಕೇಳಿದ್ದರು. ಅಂಥದ್ದು ಇಲ್ಲವೇ ಇಲ್ಲ ಎಂದಿತ್ತು ಯಂತ್ರ. ಎಲ್ಲಿಂದ ಇರಬೇಕು? ಇವರು ಹೊಸ ಹಿಡಿ ಕೂರಿಸಿ, ದಾರ ಬಿಸಾಡಿ, ಒರೆಸಿ, ಆಮೇಲೆ ಫೋಟೋ ತೆಗೆದಿದ್ದರು.

“ಬಂದ ಹಾಗೇ ಫೋಟೋ ತೆಗೀರಿ ಅಂತ ಹೇಳಿದ್ನಲ್ಲ ಸರ್?”

“ಹರಿದ ಬಟ್ಟೆ ಹಾಕ್ಕೊಂಡು ಯಾರಾದ್ರೂ ಫೋಟೋಗೆ ನಿಲ್ತಾರಾ ಮೇಡಂ?”

ಮೇಡಂಗೆ ನಗು ಬಂತಂತೆ. ಆದರೂ ಅವತ್ತೇ ಆಜ್ಞೆಯಾಯಿತು: ಇನ್ನು ಮೇಲೆ ಯಾವ ಸಾಮಾನಿಗೂ ಸೂಜಿ ಮುಟ್ಟಿಸಕೂಡದು. ಇವರು ಹೇಳಿದ ಮಾತು ಮೀರುವವರಲ್ಲ. ಹರಿದದ್ದು ಹರಿದಂತೆ, ಮುರಿದದ್ದು ಮುರಿದಂತೆ ಲಾಕರ್ ಸೇರತೊಡಗಿತು. ಅಳಿಯಂದಿರು ಹತ್ತಕ್ಕೆ ಒಂಬತ್ತಲ್ಲ, ಒಂಬತ್ತೂವರೆ ಹುಡುಕತೊಡಗಿದರು.

ಆ ವಾರ ಇವರು ಮನೆಗೆ ಬಂದು ಸದ್ದಿಲ್ಲದೆ ಬಚ್ಚಲಿನ ನಲ್ಲಿ ಸರಿ ಮಾಡಿದರು. ನನ್ನ ಎದೆ ಧಸಕ್ಕೆಂದಿತು. ನಲ್ಲಿ ಆದ ಮೇಲೆ ಬಾಗಿಲಿನ ತಿರುಗಣಿ, ಕುರ್ಚಿಯ ಕಾಲು, ಸತ್ತುಬಿದ್ದಿದ್ದ ರೇಡಿಯೋ. ಹದಿನೈದು ದಿನದಲ್ಲಿ ಮನೆಯಲ್ಲಿ ಕೆಟ್ಟ ಸಾಮಾನೇ ಉಳಿಯಲಿಲ್ಲ. ಆಮೇಲೆ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂರತೊಡಗಿದರು.

“ಅಳಿಯಂದಿರು ಏನಂದ್ರು ಇವತ್ತು?” ಎಂದು ಕೆಣಕಿದೆ.

“ಅದು ನನಗಿಂತ ಚೆನ್ನಾಗಿ ಹುಡುಕುತ್ತೆ ಕಣೇ, ಸುಳ್ಳು ಯಾಕೆ ಹೇಳಲಿ? ನನಗೆ ವಾರ ಹಿಡೀತಿದ್ದ ಕೆಲಸ ಅದಕ್ಕೆ ಚಿಟಿಕೆ ಹೊಡೆಯೋದ್ರೊಳಗೆ ಆಗುತ್ತೆ. ಜನಕ್ಕೆ ಒಳ್ಳೇದೇ ಆಯ್ತು.” ತೊಡೆಯ ಮೇಲಿದ್ದ ಕೈ ನೋಡಿಕೊಂಡು ಎಂದರು, “ಆದ್ರೆ ನಾನಲ್ಲಿ ಯಾಕಿದ್ದೀನಿ ಅಂತಾನೇ ಗೊತ್ತಾಗ್ತಿಲ್ಲ.”

ನನಗೆ ಸಮಾಧಾನದ ಮಾತು ಬರುವುದಿಲ್ಲ, ಸಿಟ್ಟು ಬರುತ್ತದೆ. ಮರುದಿನ ಸೌಟಿನ ಹಿಡಿ ಕಿತ್ತು ಅವರ ಮುಂದಿಟ್ಟೆ. ಹತ್ತು ನಿಮಿಷದಲ್ಲಿ ಕೂರಿಸಿ ಮತ್ತೆ ಕೈ ತೊಡೆಯ ಮೇಲೆ. ಹೀಗಾದರೆ ಈ ಮನುಷ್ಯ ಗೇಟು ಸೇರುವ ಮೊದಲೇ ಮುಗಿದುಹೋಗುತ್ತಾರೆ ಎನಿಸಿತು. ನನ್ನ ನೀಲಿ ಛತ್ರಿ ತೆಗೆದೆ. ಮೊಣಕಾಲಿಗೆ ಕೊಟ್ಟು ಮೂರು ಕಡ್ಡಿ ಲಟಲಟನೆ ಮುರಿದೆ. ಪೇಟೆಗೆ ಹೋಗುವ ಬಸ್ಸು ಹತ್ತಿ, ಛತ್ರಿಯನ್ನು ಸೀಟಿನ ಕೆಳಗೆ ಬಿಟ್ಟು ಇಳಿದುಬಂದೆ. ಅದು ಹೇಗೂ ಅವರ ಮೇಜಿಗೇ ಬರಬೇಕು. ಆ ಕೈ ಇನ್ನೂ ಬದುಕಿದೆಯೋ ಇಲ್ಲವೋ ನನಗೆ ತಿಳಿಯಬೇಕಿತ್ತು.

ಎರಡು ದಿನ ಛತ್ರಿಯ ಸುದ್ದಿಯೇ ಇಲ್ಲ. ಇವರು ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೂರನೆಯ ದಿನ ಫೋನಿಗೆ ವಿವರ ಹೇಳಿದೆ. ಅಳಿಯಂದಿರು ಮರುಕ್ಷಣವೇ ‘ಲಾಕರ್ ಮೂವತ್ತೊಂದು’ ಎಂದರು. ಇವರು ಬಸ್ಸುಗಳಿಂದ ಸಾಮಾನು ತರಲು ಹೋಗುವ ಹೊತ್ತು ನೋಡಿ ಹೋದೆ. ಫೋನಿಗೆ ಬಂದ ಸಂಖ್ಯೆ ಒತ್ತಿ ಲಾಕರ್ ಬಾಗಿಲು ತೆಗೆದೆ. ಛತ್ರಿ ಬಿಚ್ಚಿದೆ.

ಮೂರೂ ಕಡ್ಡಿಗೆ ಸಣ್ಣ ತಂತಿಯ ಪಟ್ಟಿ, ಮೇಲೆ ನನ್ನದೇ ಡಬ್ಬಿಯ ಕಪ್ಪು ದಾರದ ಸುತ್ತು. ಛತ್ರಿಯ ಕೆಳಗೇ ನಿಂತು ಅತ್ತುಬಿಟ್ಟೆ.

“ಇದು ನಿಮ್ದಾ ಅಮ್ಮ?” ಹಿಂದೆ ಮೇಡಂ ನಿಂತಿದ್ದರು.

ಸಿಕ್ಕಿಬಿದ್ದರಲ್ಲ ಇವರು ಎಂದು ಜೀವ ಹೋದಂತಾಯಿತು. ಹೆದರಿದರೆ ನನ್ನ ಬಾಯಿ ಇನ್ನೂ ಜೋರಾಗುತ್ತದೆ. “ನಂದೇ! ಗುಮಾಸ್ತರ ಹೆಂಡತಿ ನಾನು. ರಿಪೇರಿ ಮಾಡಿದ್ರೆ ಏನೀಗ? ಯಾರಪ್ಪನ ಗಂಟು ಹೋಯ್ತು?”

ಮೇಡಂ ಪರದೆ ನನ್ನ ಕಡೆ ತಿರುಗಿಸಿದರು. ಲಾಕರಿನ ಒಳಗೂ ಕ್ಯಾಮೆರಾ ಇದೆಯಂತೆ. ‘ವಸ್ತು ಫೋಟೋದಲ್ಲಿದ್ದಂತೆ ಇಲ್ಲ’ ಎಂದು ಅಳಿಯಂದಿರು ಸಾಲಾಗಿ ದೂರು ಹೇಳಿದ್ದರು.

“ಮೊನ್ನೆಯಿಂದ ಯಂತ್ರ ಹನ್ನೊಂದು ಸಲ ಕೂಗಿದೆ. ಮೊದಲನೇದು ಈ ಛತ್ರಿ. ಈಗ ಸರ್ ಬಂದ ಹಾಗೇ ಫೋಟೋ ತೆಗೀತಾರೆ, ರಿಪೇರಿ ಆಮೇಲೆ ಮಾಡ್ತಾರೆ. ಹುಡುಕೋದ್ರಲ್ಲಿ ಒಂದೂ ತಪ್ಪಿಲ್ಲ.”

“ನೀವೇನು ಮಾಡಿದ್ರಿ?”

“ಹನ್ನೊಂದು ಸಲಾನೂ ‘ಸರಿಯಿದೆ’ ಅಂತ ಒತ್ತಿದೆ.” ಮೇಡಂ ನಕ್ಕರು. “ನಿನ್ನೆ ಒಬ್ಬರು ಫೋನ್ ಮಾಡಿದ್ರು. ಚೀಲ ಸಿಕ್ತು, ಪಟ್ಟಿ ಹೊಲಿದುಕೊಟ್ಟೋರು ಯಾರು ಅಂತ ಕೇಳೋಕೆ. ಹುಡುಕೋಕೆ ಯಂತ್ರ ಸಾಕು ಅಂತ ವರದಿ ಬರೀತೀನಿ ಅಮ್ಮ, ಸುಳ್ಳು ಬರೆಯೋಕಾಗಲ್ಲ. ಆದ್ರೆ ಸರ್‌ನ ಗೇಟಿಗೆ ಕಳಿಸಬೇಡಿ, ಲಾಕರ್ ಹಿಂದೆ ಅವರಿಗೊಂದು ಮೇಜು ಹಾಕಿಕೊಡಿ ಅಂತಾನೂ ಬರೀತೀನಿ. ಮೇಲಿನವರು ಏನಂತಾರೋ ಗೊತ್ತಿಲ್ಲ.”

ಛತ್ರಿ ಮಡಚಿಕೊಂಡು ಮನೆಗೆ ಬಂದೆ.

ಸಂಜೆ ಇವರು ಬಂದರು. ಗೂಟಕ್ಕೆ ತೂಗುಹಾಕಿದ್ದ ಛತ್ರಿಯನ್ನು ನೋಡಿಯೂ ನೋಡದವರ ಹಾಗೆ ಕೈಕಾಲು ತೊಳೆದು ಊಟಕ್ಕೆ ಕೂತರು.

“ಕಪ್ಪು ದಾರ ಮುಗೀತು. ನಾಳೆ ಎರಡು ಉಂಡೆ ತಂದಿಡು.”

“ನಿಮ್ಮ ಮಾವನ ಮನೆಯ ಅಂಗಡಿ ನೋಡಿ, ತಂದಿಡೋಕೆ!” ಎಂದು ಗದರಿಸಿದೆ. ಗದರಿಕೆ ಅಷ್ಟೇನೂ ಚೆನ್ನಾಗಿ ಬರಲಿಲ್ಲ.

ಎರಡು ತುತ್ತು ತಿಂದರು. “ಗಾಳಿಗೆ ಮುರಿದ ಛತ್ರಿ ಕಡ್ಡಿ ಒಂದೊಂದು ದಿಕ್ಕಿಗೆ ಒಂದೊಂದು ಬಾಗಿರುತ್ತೆ,” ಎಂದರು, ತಟ್ಟೆ ನೋಡುತ್ತಲೇ. “ಮೊನ್ನೆ ಒಂದು ಬಂದಿತ್ತು. ಮೂರೂ ಒಂದೇ ಜಾಗದಲ್ಲಿ ಮುರಿದಿತ್ತು.”

“ಹೌದಾ?” ಎಂದು ನಾನು ಬಡಿಸುವುದರಲ್ಲಿ ಮಗ್ನಳಾದೆ.

ಅವರು ಎಡಗೈಯಿಂದ ಜೇಬು ತಡಕಿ, ನೋವಿನ ಮುಲಾಮಿನ ಟ್ಯೂಬ್ ತೆಗೆದು ನನ್ನ ತಟ್ಟೆಯ ಪಕ್ಕ ಇಟ್ಟರು.

“ಮೊಣಕಾಲು ಹೇಗಿದೆ ಈಗ?”