ಕನ್ನಡಕದವನು ಮುಟ್ಟದ ಚೆಕ್ಕು

ಬೋರ್ಡ್ ಬರೆಯುವ ಪೇಂಟರನಿಗೆ ‘ತಪ್ಪಾಯ್ತು’ ಎನ್ನುವ ನಾಲಿಗೆ ಇರಲಿಲ್ಲ. ಅವನ ಶವದ ಪೆಟ್ಟಿಗೆಯನ್ನು ವ್ಯಾನಿಗೆ ಏರಿಸಲು ಆರು ಜನ ಕೈಹಾಕಿದ್ದರು. ಅಷ್ಟರಲ್ಲಿ ಅವನ ಹೆಂಡತಿ “ತಡೀರಿ!” ಎಂದು ಕೂಗಿ, ಲಕೋಟೆಯೊಂದನ್ನು ಹಿಡಿದು ಮೆಟ್ಟಿಲಿಳಿದು ಬಂದಳು. ಪೆಟ್ಟಿಗೆ ಮತ್ತೆ ಬೆಂಚಿನ ಮೇಲೆ ಕೂತಿತು.

ಲಕೋಟೆಯನ್ನು ಅವಳು ಎದುರಿನ ಕನ್ನಡಕದಂಗಡಿಯವನ ಮುಂದೆ ಚಾಚಿದಳು.

“ಬೇಡ ಅತ್ತಿಗೆ. ಇದು ನನಗೂ ಅವನಿಗೂ ಇರೋ ಮಾತು.”

“ಅವರಿನ್ನು ಮಾತಾಡಲ್ಲ. ತಗೊಳ್ಳಿ.”

“ಬೇಕಾದ ಮಾತು ಬದುಕಿದ್ದಾಗ್ಲೇ ಆಡ್ಲಿಲ್ಲವಲ್ಲ,” ಎಂದ ಪೇಂಟರನ ಭಾವಮೈದುನ. ಯಾರೋ ನಕ್ಕು, ಕೆಮ್ಮಿದಂತೆ ಮಾಡಿದರು.

*

ಹತ್ತು ವರ್ಷದ ಹಿಂದೆ ಪೇಂಟರನ ಏಣಿ ಜಾರಿ ಕನ್ನಡಕದಂಗಡಿಯ ದೊಡ್ಡ ಗಾಜು ಪುಡಿಯಾಗಿತ್ತು.

“ದುಡ್ಡು ಬೇಡ. ತಪ್ಪಾಯ್ತು ಅನ್ನು, ಸಾಕು.”

“ಜಾರಿದ್ದು ಏಣಿ. ಅದನ್ನೇ ಕೇಳು.”

ಪೇಂಟರ್ ಸೀದಾ ಬ್ಯಾಂಕಿಗೆ ಹೋಗಿ ಗಾಜಿನ ಬೆಲೆ ಕಟ್ಟಿದ. ಕನ್ನಡಕದವನ ಹೆಸರಿಗೆ ಬ್ಯಾಂಕಿನದೇ ಚೆಕ್ಕು ಮಾಡಿಸಿ ತಂದ. ಕನ್ನಡಕದವನು ಅದನ್ನು ರಸ್ತೆಗೆಸೆದ; ಪೇಂಟರ್ ಹೆಕ್ಕಿಕೊಂಡ. ಮೂರು ತಿಂಗಳಿಗೆ ಅವಧಿ ಮುಗಿಯಿತು. ಪೇಂಟರ್ ಹೊಸ ತಾರೀಖು ಹಾಕಿಸಿಕೊಂಡು ಮತ್ತೆ ಬಂದ. ಹೀಗೇ ವರ್ಷಕ್ಕೆ ನಾಲ್ಕು ಸಲ. ಜಗಳದ ಮಧ್ಯೆ ಕನ್ನಡಕದವನ ಹೆಂಡತಿ ಚಹಾ ತಂದಿಡುತ್ತಿದ್ದಳು. ಇಬ್ಬರೂ ಕುಡಿದು ಮುಂದುವರಿಸುತ್ತಿದ್ದರು.

*

“ಈ ಚೆಕ್ಕಿಗೆ ಸೋಮವಾರಕ್ಕೆ ಹತ್ತು ವರ್ಷ ತುಂಬತ್ತೆ,” ಎಂದ ಪೆಟ್ಟಿಗೆಯ ತಲೆಯ ಕಡೆ ನಿಂತಿದ್ದ ಬ್ಯಾಂಕಿನ ಕ್ಯಾಷಿಯರ್. “ಯಾರೂ ಕೇಳದ ದುಡ್ಡು ಅಂತ ಸರ್ಕಾರದ ನಿಧಿಗೆ ಹೋಗತ್ತೆ. ನಿಮಗೂ ಪತ್ರ ಹಾಕಿದ್ವಿ, ಉತ್ತರ ಇಲ್ಲ.”

“ಹೋಗ್ಲಿ ಬಿಡಿ. ರಸ್ತೆ ಗುಂಡಿ ಮುಚ್ಚಲಿ.”

“ರದ್ದು ಮಾಡಿ ದುಡ್ಡು ವಾಪಸ್ ತಗೊಳಯ್ಯಾ ಅಂತ ಅವನಿಗೆ ಪ್ರತಿ ಸಲ ಹೇಳಿದೀನಿ. ‘ತಾರೀಖು ಹಾಕಿ, ಸುಮ್ನಿರಿ’ ಅಂತಿದ್ದ. ಹೋದ ವಾರಾನೂ ಜ್ವರದಲ್ಲೇ ಬಂದಿದ್ದ.”

“ಜ್ವರದಲ್ಲಾ?” ಕನ್ನಡಕದವನು ಪೆಟ್ಟಿಗೆಯ ಕಡೆ ತಿರುಗಿದ.

“ಸಾಲಗಾರ ಅನ್ನಿಸ್ಕೊಂಡು ಅವರು ಹೋಗಬಾರದು,” ಎಂದಳು ಪೇಂಟರನ ಹೆಂಡತಿ. “ತಪ್ಪಾಯ್ತು ಅಂತ ನನಗೂ ಒಂದ್ಸಲ ಅಂದವರಲ್ಲ. ಮುನಿಸ್ಕೊಂಡು ತವರಿಗೆ ಹೋದ್ರೆ ಕರೆಯೋಕೂ ಬರ್ತಿರ್ಲಿಲ್ಲ. ನಿಮ್ಮ ಬಾಗಿಲಿಗೆ ಮಾತ್ರ ತಪ್ಪದೆ ಬಂದ್ರಲ್ಲ!”

ಈಗ ಎಲ್ಲರೂ ಬಾಯಿಬಿಟ್ಟು ನಕ್ಕರು. ಅವಳೂ ನಕ್ಕಳು. ಕನ್ನಡಕದವನು ಲಕೋಟೆ ಕಿತ್ತುಕೊಂಡ.

“ಎಲ್ಲಿ ಸಹಿ ಹಾಕ್ಬೇಕು?”

“ಹಿಂದುಗಡೆ. ಖಾತೆಗೆ ನಾನೇ ಜಮಾ ಮಾಡ್ತೀನಿ.”

ಹತ್ತಿರದಲ್ಲಿ ಮೇಜಿರಲಿಲ್ಲ. ಅವನು ಚೆಕ್ಕನ್ನು ಪೆಟ್ಟಿಗೆಯ ಮುಚ್ಚಳದ ಮೇಲೆ ಮಗುಚಿಟ್ಟು, “ಅಲ್ಲಾಡಬೇಡ ನೀನು” ಎಂದು ಗದರಿಸಿ, ಸಹಿ ಹಾಕಿದ. ಆರು ಜನ ಮತ್ತೆ ಕೈಹಾಕಿದರು. ವ್ಯಾನು ಬೀದಿಯ ತಿರುವು ದಾಟಿತು.

ಮಾರನೆಯ ದಿನ ಅವನ ಖಾತೆಗೆ ಒಂದು ಗಾಜಿನ ದುಡ್ಡು ಬಂತು. ಹೋದದ್ದು ವರ್ಷಕ್ಕೆ ನಾಲ್ಕು ಜಗಳ.